ಹನುಮೇಶ್ ಹಿಡಿದ ಪೆನಾಲ್ಟಿ

ಜುಬೇರ್ ಹನ್ನೊಂದು ವರ್ಷ ಫುಟ್‌ಬಾಲ್ ಆಡಿದ. ನಾಲ್ಕು ತಾಲ್ಲೂಕಿಗೆ ಆಡಿದ, ನಾಲ್ಕು ಜಾಗದಲ್ಲಿ ಆಡಿದ, ನಾಲ್ಕು ಸಲ ಫೈನಲ್ ಕಂಡ. ಆದರೆ ಜುಬೇರ್ ಎಂಬ ಹೆಸರಿನ ಮನುಷ್ಯ ಚಿತ್ರದುರ್ಗ ಜಿಲ್ಲೆಯಲ್ಲಿ ಚೆಂಡನ್ನು ಕಾಲಿನಿಂದ ಮುಟ್ಟಿದ್ದಕ್ಕೆ ಒಂದು ತುಂಡು ಕಾಗದದ ದಾಖಲೆಯೂ ಇರಲಿಲ್ಲ. ಇದಕ್ಕೆ ಬೇರೆ ಯಾರನ್ನೂ ದೂರುವಂತಿಲ್ಲ. ಕೇಳಿದವರಿಗೆಲ್ಲ ಹ್ಞೂಂ ಅಂದವನು ಅವನೇ.

ಆಗ ಅಂತರ ತಾಲ್ಲೂಕು ಕಪ್ ಎಂದು ಒಂದು ಪಂದ್ಯಾವಳಿ ನಡೆಯುತ್ತಿತ್ತು. ಆಯಾ ತಾಲ್ಲೂಕಿನ ರೇಷನ್ ಕಾರ್ಡ್ ಇದ್ದವರು ಮಾತ್ರ ಆಡಬೇಕೆಂಬುದು ಅದರ ನಿಯಮ. ಕಾರ್ಡ್ ಇದ್ದವರಿಗೆ ಆಟ ಬರುತ್ತಿರಲಿಲ್ಲ, ಆಟ ಬರುವವರ ಕಾರ್ಡ್ ಪಕ್ಕದ ತಾಲ್ಲೂಕಿನಲ್ಲಿರುತ್ತಿತ್ತು. ಹಾಗಾಗಿ ಜನ ಒಂದು ದಾರಿ ಕಂಡುಕೊಂಡಿದ್ದರು. ಕಾರ್ಡ್ ಇದ್ದವನು ಬೆಳಿಗ್ಗೆ ಬಂದು ಜರ್ಸಿ ತೊಟ್ಟು ತಂಡದ ಫೋಟೊಗೆ ನಿಲ್ಲುತ್ತಿದ್ದ, ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದ, ಆಮೇಲೆ ಜರ್ಸಿ ಬಿಚ್ಚಿ ಆಡುವವನ ಕೈಗೆ ಕೊಟ್ಟು ಮನೆಗೆ ಹೋಗುತ್ತಿದ್ದ. ಇದಕ್ಕೆ ‘ಹೆಸರು ಕೊಡುವುದು’ ಅನ್ನುತ್ತಿದ್ದರು. ಸಂಜೆ ಸರ್ಟಿಫಿಕೇಟು ಹೆಸರು ಕೊಟ್ಟವನ ಮನೆ ಸೇರುತ್ತಿತ್ತು. ಆಡಿದವನಿಗೆ ಊಟ ಹಾಕಿ ಕೊನೆಯ ಬಸ್ಸು ಹತ್ತಿಸುತ್ತಿದ್ದರು. ಇದನ್ನು ಮೋಸ ಅಂತ ಯಾರೂ ಅಂದುಕೊಂಡಿರಲಿಲ್ಲ. ಎಲ್ಲ ತಂಡಗಳೂ ಮಾಡುತ್ತಿದ್ದುದರಿಂದ ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ, ಆಡಿದವನೊಬ್ಬನನ್ನು ಬಿಟ್ಟು.

ಜುಬೇರ್ ಮೊದಲು ದುರ್ಗದ ತಂಡದಲ್ಲಿ ಫಾರ್ವರ್ಡ್. ಅದು ಹತ್ತೊಂಬತ್ತು ವರ್ಷದೊಳಗಿನವರ ತಂಡ, ಇವನಿಗಾಗಲೇ ಇಪ್ಪತ್ತೊಂದು. ಅದಕ್ಕೆ ತಮ್ಮ ಸೊಹೈಲ್ ಹೆಸರು ಕೊಟ್ಟ. ದುರ್ಗದ ಗಾಳಿ ಎಲ್ಲರಿಗೂ ಗೊತ್ತಲ್ಲ, ಗುಡ್ಡದ ಮೇಲೆ ಕರೆಂಟು ತೆಗೆಯುವ ಫ್ಯಾನುಗಳನ್ನು ಸುಮ್ಮನೆ ನೆಟ್ಟಿಲ್ಲ. ಆ ಗಾಳಿಗೆ ಜುಬೇರ್ ಹೊಡೆದ ಚೆಂಡುಗಳು ಎಲ್ಲೆಲ್ಲಿಗೋ ಹೋದವು, ಗೋಲಿಗೆ ಮಾತ್ರ ಹೋಗಲಿಲ್ಲ. ಎರಡು ವರ್ಷ ನೋಡಿ ತಂಡದವರು ಇವನಿಗೆ ವಿಶ್ರಾಂತಿ ಕೊಟ್ಟರು. ಹಿರಿಯೂರಿನವರು ಕರೆದುಕೊಂಡು ಹೋಗಿ ಮಧ್ಯದಲ್ಲಿ ನಿಲ್ಲಿಸಿದರು, ಹೆಸರು ಜವನಗೊಂಡನಹಳ್ಳಿಯ ಗೊಲ್ಲಪ್ಪನದು. ಓಟ ಕಮ್ಮಿಯಾದ ಮೇಲೆ ಹೊಸದುರ್ಗದಲ್ಲಿ ಬ್ಯಾಕ್ ಆದ, ಹೆಸರು ರಂಗೇಶನದು. ಕೊನೆಗೆ ಹೊಳಲ್ಕೆರೆಯವರ ಗೋಲ್‌ಕೀಪರಿಗೆ ಫೈನಲ್ಲಿನ ವಾರ ಕಣ್ಣುಬೇನೆ ಬಂತು. ಜುಬೇರ್ ಗ್ಲೌಸ್ ತೊಟ್ಟು ಹನುಮೇಶ್ ಆದ. ಹೀಗೆ ಹನ್ನೊಂದು ವರ್ಷದಲ್ಲಿ ಅವನು ಮೈದಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ಹಿಂದೆ ಹಿಂದೆ ಸರಿಯುತ್ತ ಬಂದ. ಇನ್ನೊಂದು ಹೆಜ್ಜೆ ಸರಿದಿದ್ದರೆ ಬೇಲಿಯಾಚೆ ಇರುತ್ತಿದ್ದ, ಮುಂದಿನ ವರ್ಷ ಹಾಗೇ ಆಯಿತು.

ಆ ಕೊನೆಯ ಫೈನಲ್ ಮಾತ್ರ ಅವನು ಮರೆಯುವಂಥದಲ್ಲ. ಎದುರಿಗಿದ್ದುದು ಅವನದೇ ಊರು ದುರ್ಗ. ದುರ್ಗದವರಿಗೆ ಇವನ ಗುರುತು ಸಿಗದೆ ಏನು, ಆದರೆ ಅವರೂ ದಾವಣಗೆರೆಯಿಂದ ಇಬ್ಬರನ್ನು ತಂದಿದ್ದರಿಂದ ಬಾಯಿ ಮುಚ್ಚಿಕೊಂಡಿದ್ದರು. ಹೊಳಲ್ಕೆರೆ ಒಂದು ಗೋಲಿನಿಂದ ಮುಂದಿತ್ತು. ಆಟ ಮುಗಿಯಲು ಒಂದು ನಿಮಿಷ ಇದ್ದಾಗ ದುರ್ಗಕ್ಕೆ ಪೆನಾಲ್ಟಿ ಸಿಕ್ಕಿತು. ದಾವಣಗೆರೆಯ ಹುಡುಗನೊಬ್ಬ ಚೆಂಡಿಟ್ಟು ಹಿಂದೆ ಸರಿದ. ಜುಬೇರ್ ಬಲಗಾಲನ್ನು ಅರ್ಧ ಹೆಜ್ಜೆ ಬಲಕ್ಕೆ ಇಟ್ಟು, ಆ ಹುಡುಗನ ಕಣ್ಣು ಆ ಕಾಲಿನ ಮೇಲೆ ಬಿದ್ದದ್ದನ್ನು ನೋಡಿ, ಎಡಕ್ಕೆ ಹಾರಿದ. ಚೆಂಡು ಎಡಗೈಯ ಕಿರುಬೆರಳಿಗೆ ಬಡಿದು ಹೊರಗೆ ಹೋಯಿತು. ಬೆರಳು ಮುರಿಯಿತು. ಜನ ಇವನನ್ನು ಹೆಗಲ ಮೇಲೆ ಹೊತ್ತು, ‘ಹನುಮೇಶ್! ಹನುಮೇಶ್!’ ಎಂದು ಮೈದಾನ ಸುತ್ತಿದರು.

ಅದಾಗಿ ಹದಿನಾಲ್ಕು ವರ್ಷ. ಈಗ ಜುಬೇರನಿಗೆ ನಲವತ್ತೈದು. ದುರ್ಗದ ಸಂತೆಪೇಟೆಯ ಹತ್ತಿರ ಬೈಕು, ಆಟೊಗಳ ಸೀಟು ಹೊಲಿಯುವ ಅಂಗಡಿ, ಹೆಂಡತಿ ತಾಹೇರಾ, ಒಬ್ಬಳು ಮಗಳು ಮಹೇಕ್. ಬೆರಳು ಸೊಟ್ಟಗೇ ಕೂತಿದೆ, ಸೂಜಿ ಹಿಡಿಯಲು ಅದರಿಂದ ತೊಂದರೆಯೇನಿಲ್ಲ. ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಆದರೂ ಹೊಳಲ್ಕೆರೆಯ ಒಂದು ಹೈಸ್ಕೂಲಿಗೆ ಹುಡುಗಿಯರ ಫುಟ್‌ಬಾಲ್ ತರಬೇತುದಾರ ಬೇಕಾಗಿದ್ದಾರೆ ಎಂಬ ಸುದ್ದಿ ಗಿರಾಕಿಯೊಬ್ಬನ ಬಾಯಿಂದ ಬಂದ ದಿನ ಅವನಿಗೆ ಹೊಲಿಗೆ ನೆಟ್ಟಗೆ ಬೀಳಲಿಲ್ಲ.

ಅವನಿಗೆ ಬೇಕಾದದ್ದು ಸಂಬಳವಲ್ಲ, ಅದು ಬಸ್ ಚಾರ್ಜಿಗೆ ಸರಿಹೋಗುವಷ್ಟಿತ್ತು. ಜುಬೇರ್ ಎಂಬುವನು ಫುಟ್‌ಬಾಲ್ ಆಟಗಾರನಾಗಿದ್ದ ಎಂದು ಎಲ್ಲಾದರೂ ಒಂದು ಕಡೆ, ಒಂದು ಸಲ, ಬರಹದಲ್ಲಿ ಇರಬೇಕು, ಅಷ್ಟೇ. ಹಿಂದೊಮ್ಮೆ ಆಟದ ಕಥೆ ಹೇಳಲು ಕೂತಾಗ ಮಹೇಕ್ ಕೇಳಿದ್ದಳು: “ಅಬ್ಬಾ, ಫೋಟೊ ಎಲ್ಲಿ?” ನಾಲ್ಕು ಫೋಟೊ ಇದ್ದವು, ಒಂದರಲ್ಲೂ ಇವನಿರಲಿಲ್ಲ. ಮಗಳು ನಗಲಿಲ್ಲ, ಸುಮ್ಮನೆ ಪುಸ್ತಕ ತೆಗೆದುಕೊಂಡು ಆಚೆ ಹೋದಳು. ಅದು ಅವನಿಗೆ ಬಹಳ ನೋವು ಮಾಡಿತ್ತು.

ಶಾಲೆಯ ಹೆಡ್‌ಮಾಸ್ಟರ್ ನಾಗರಾಜಪ್ಪನವರಿಗೆ ಫೋನ್ ಮಾಡಿ, ಯಾವ ತಂಡ, ಯಾರ ಹೆಸರು ಎಂಬುದನ್ನು ಬಿಟ್ಟು, ಇದ್ದದ್ದು ಇದ್ದ ಹಾಗೆ ಹೇಳಿದ.

“ಆ ಕಪ್ಪಿನ ಹಣೆಬರಹ ನಂಗೂ ಗೊತ್ತೈತೆ ಬಿಡಪ್ಪ,” ಎಂದರು ಹೆಡ್‌ಮಾಸ್ಟರು. “ಮೂರು ಸರ್ಟಿಫಿಕೇಟ್ ಬೇಕು ಅಂತ ಕಮಿಟಿ ನಿಯಮ. ನಿನ್ನ ಹೆಸರಲ್ಲಿ ಇಲ್ಲಾಂದ್ರೆ, ಆ ಸರ್ಟಿಫಿಕೇಟ್ ಯಾರ ಹತ್ರ ಐತೋ ಅವರ ಕೈಲಿ ನಿಜ ಬರೆಸ್ಕೊಂಡು ಬಾ. ಮೂರು ಪತ್ರ. ಎರಡೂವರೆ ತಂದ್ರೆ ನಡೆಯಲ್ಲ. ತರಬೇತುದಾರ ಸಿಗ್ಲಿಲ್ಲ ಅಂದ್ರೆ ಈ ವರ್ಷಾನೂ ಹುಡುಗೀರಿಗೆ ಥ್ರೋಬಾಲೇ.”

ನಾಲ್ಕು ಜನ ಹೆಸರು ಕೊಟ್ಟಿದ್ದರು, ಬೇಕಾದದ್ದು ಮೂರು ಪತ್ರ. ಒಂದು ಹೆಚ್ಚೇ ಇದೆ ಎಂದುಕೊಂಡು ಜುಬೇರ್ ಹೊರಟ.

ಮೊದಲು ತಮ್ಮನ ಹತ್ತಿರ ಹೋದ. ಸೊಹೈಲ್ ಎರಡು ಬೀದಿ ಆಚೆ ಪೇಂಟು, ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ. ಗಲ್ಲಾದ ಮೇಲೆ ಆ ಸರ್ಟಿಫಿಕೇಟು ಚಿನ್ನದ ಬಣ್ಣದ ಕಟ್ಟಿನಲ್ಲಿ ತೂಗುತ್ತಿತ್ತು. ವಿಷಯ ಕೇಳಿ ಸೊಹೈಲನ ಮುಖ ಇಳಿದುಹೋಯಿತು.

“ಭಾಯ್, ಮಾವನಿಗೆ ಗೊತ್ತಾದ್ರೆ?”

ಸೊಹೈಲನ ಮಾವ ಅಬ್ದುಲ್ ರಶೀದ್ ಸಾಹೇಬರು ಹಿಂದೆ ಈ ಸರ್ಟಿಫಿಕೇಟನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ‘ಆಟಗಾರ ಹುಡುಗ, ಬೀಡಿ ಸಿಗರೇಟಿನ ಚಾಳಿ ಇರಲ್ಲ’ ಎಂದು ಮಗಳನ್ನು ಕೊಟ್ಟಿದ್ದರು. ಸೊಹೈಲ್ ಇಪ್ಪತ್ತು ವರ್ಷದಿಂದ ಅಂಗಡಿಯ ಹಿಂದೆ ಹೋಗಿ, ಟರ್ಪೆಂಟೈನ್ ಡಬ್ಬಗಳ ಪಕ್ಕದಲ್ಲಿ ನಿಂತು ಸೇದಿ ಬರುತ್ತಿದ್ದ. ಅಂಗಡಿಗೆ ಬೆಂಕಿ ಬೀಳದೆ ಇದ್ದದ್ದು ದೊಡ್ಡ ವಿಷಯ.

“ನಿಮ್ಮ ಮಾವ ಹೊಳಲ್ಕೆರೆ ಹೈಸ್ಕೂಲಿಗೆ ಯಾಕೆ ಹೋಗ್ತಾರೋ?” ಎಂದ ಜುಬೇರ್.

ಸೊಹೈಲ್ ಬಿಲ್ ಪುಸ್ತಕದ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಿದ. ಮಾವ ಬಂದಾರೆಂದು ಬಾಗಿಲು ನೋಡುತ್ತಲೇ ಹಾಕಿದ್ದರಿಂದ ಸಹಿ ಅವನದೇ ಎಂದು ಹೇಳುವುದು ಕಷ್ಟವಾಗಿತ್ತು, ಆದರೆ ಅಂಗಡಿಯ ಸೀಲು ಚೆನ್ನಾಗಿ ಬಿತ್ತು.

ಗೊಲ್ಲಪ್ಪ ಈಗ ಗ್ರಾಮ ಪಂಚಾಯಿತಿ ಸದಸ್ಯ. ಜುಬೇರ್ ಹಿರಿಯೂರಿನ ಬಸ್ಸಿಳಿದು ಜವನಗೊಂಡನಹಳ್ಳಿಗೆ ಹೋದಾಗ ಅವನು ಕಟ್ಟೆಯ ಮೇಲೆ ಕೂತು ಯಾರಿಗೋ ವಾಸಸ್ಥಳ ದೃಢೀಕರಿಸಿಕೊಡುತ್ತಿದ್ದ. ಆಳು ನೂರು ಕೆಜಿ ದಾಟಿದ್ದ. ಚುನಾವಣೆಯ ಕರಪತ್ರದಲ್ಲಿ ‘ಜಿಲ್ಲಾ ಮಟ್ಟದ ಫುಟ್‌ಬಾಲ್ ಪಟು’ ಎಂದು ಹಾಕಿಸಿಕೊಂಡಿದ್ದನೆಂದು ಜುಬೇರ್ ಕೇಳಿದ್ದ, ಹಾಗಾಗಿ ಇವನೂ ತಕರಾರು ಮಾಡಬಹುದೆಂಬ ಅಂಜಿಕೆಯಿತ್ತು.

“ಬರ್ರಿ ಬರ್ರಿ ಜುಬೇರಣ್ಣ, ಕುಂತ್ಕಳ್ರಿ,” ಎಂದ ಗೊಲ್ಲಪ್ಪ. ವಿಷಯ ಅರ್ಧ ಕೇಳುವಷ್ಟರಲ್ಲೇ ಲೆಟರ್‌ಹೆಡ್ ಎಳೆದುಕೊಂಡ. “ಅದಕ್ಕೇನಂತೆ. ನಾನು ಓಡಿದ್ದನ್ನ ಈ ಊರಲ್ಲಿ ಯಾರು ನೋಡವ್ರೆ? ಎಮ್ಮೆ ಹಿಂದೇನೂ ಓಡಿಲ್ಲ ನಾನು. ನಂಬಿದೋರು ಓಟ್ ಹಾಕಿಲ್ಲ, ಓಟ್ ಹಾಕಿದೋರು ನಂಬಿಲ್ಲ.”

ಅವನ ಪತ್ರ ‘ಸದರಿ ಜುಬೇರ್‌ರವರು ನನಗೆ ಸುಮಾರು ವರ್ಷಗಳಿಂದ ಪರಿಚಿತರಿದ್ದು, ಇವರ ನಡತೆ ಉತ್ತಮವಾಗಿರುತ್ತದೆ’ ಎಂದು ಶುರುವಾಗಿ, ‘ನನ್ನ ಹೆಸರಿನಲ್ಲಿ ಆಡಿದ ಎಲ್ಲ ಪಂದ್ಯಗಳನ್ನು ಸದರಿಯವರೇ ಆಡಿರುತ್ತಾರೆ’ ಎಂದು ಮುಗಿಯಿತು. ಅಭ್ಯಾಸಬಲದಿಂದ ಕೊನೆಯಲ್ಲಿ ‘ಇವರು ಇದೇ ಗ್ರಾಮದ ಖಾಯಂ ನಿವಾಸಿ’ ಎಂದೂ ಸೇರಿಸಿಬಿಟ್ಟಿದ್ದ. ಅದನ್ನು ಹೊಡೆದು ಹಾಕಿಸುವಷ್ಟರಲ್ಲಿ ಬಸ್ಸು ತಪ್ಪಿತು.

ಮೂರನೆಯವನು ಹೊಸದುರ್ಗದ ರಂಗೇಶ್. ಕ್ರೀಡಾ ಮೀಸಲಾತಿಯಲ್ಲಿ ಕೆಲಸ ಸಿಕ್ಕು ಹದಿಮೂರು ವರ್ಷವಾಗಿತ್ತು. ಇಲಾಖೆ ಯಾವುದೆಂದು ಹೇಳುವುದು ಬೇಡ, ಇಬ್ಬರು ಮಕ್ಕಳ ತಂದೆ. ಜುಬೇರನನ್ನು ಕಂಡದ್ದೇ ಆಫೀಸಿನಿಂದ ಹೊರಗೆ ಕರೆದುಕೊಂಡು ಬಂದು, ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಕೂರಿಸಿ, ಕೇಳದೆಯೇ ಮಸಾಲೆ ದೋಸೆ ಹೇಳಿದ. ಬಲಗಾಲಿನ ಮಂಡಿಗೆ ಪಟ್ಟಿ ಕಟ್ಟಿತ್ತು.

“ಏನಾಯ್ತೋ ಕಾಲಿಗೆ?”

“ಏನೂ ಆಗಿಲ್ಲಣ್ಣ. ವರ್ಷಾ ವರ್ಷಾ ಇಲಾಖೆ ಕ್ರೀಡಾಕೂಟ ಇರ್ತೈತೆ. ಫುಟ್‌ಬಾಲ್ ಟೀಮಿಗೆ ಮೊದಲ ಹೆಸರು ನಂದೇ ಹಾಕ್ತಾರೆ. ಹದಿಮೂರು ವರ್ಷದಿಂದ ಮಂಡಿ ನೋವು ಅಂತ ಹೇಳ್ಕೊಂಡು ಬಂದಿದೀನಿ. ಈಗೀಗ ನಿಜವಾಗ್ಲೂ ನೋಯ್ತೈತೆ.”

ಪತ್ರದ ಮಾತು ಎತ್ತುತ್ತಿದ್ದ ಹಾಗೆ ರಂಗೇಶನ ಕಣ್ಣಲ್ಲಿ ನೀರು ಬಂತು. “ಅಣ್ಣ, ನೀನು ಕೇಳಿದ್ದು ನ್ಯಾಯ. ಆದ್ರೆ ನಾನದನ್ನ ಬರೆದು ಕೊಟ್ಟ ದಿನ ನನ್ನ ಕೆಲಸ ಹೋಗ್ತೈತೆ. ಬೇಕಾದ್ರೆ ನಿನ್ನ ಕಾಲಿಗೆ ಬೀಳ್ತೀನಿ.”

ಜುಬೇರನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಾನು ಹೊಸದುರ್ಗದ ಮೈದಾನದಲ್ಲಿ ಒದ್ದು ಆಚೆ ಕಳಿಸಿದ ಚೆಂಡುಗಳಿಂದ ಒಂದು ಸಂಸಾರ ಅನ್ನ ತಿನ್ನುತ್ತಿದೆಯಲ್ಲ ಎಂದು ಯೋಚಿಸಿ, ದೋಸೆ ಮುಗಿಸಿ, ‘ಮಂಡಿ ಹುಷಾರು’ ಎಂದು ಹೇಳಿ ಎದ್ದ.

ಉಳಿದವನು ಹನುಮೇಶ್ ಒಬ್ಬನೇ.

ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಹನುಮೇಶನ ಜೆರಾಕ್ಸ್ ಅಂಗಡಿ ಇದ್ದಲ್ಲೇ ಇತ್ತು. ಒಳಗೆ ಒಬ್ಬ ಹೆಂಗಸು ಯಾರದೋ ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಮಾಡುತ್ತಿದ್ದಳು. ಅವಳ ಹಿಂದಿನ ಗೋಡೆಯಲ್ಲಿ ಸರ್ಟಿಫಿಕೇಟು, ಅದರ ಪಕ್ಕದಲ್ಲಿ ತಂಡದ ಫೋಟೊ, ಅದರ ಪಕ್ಕದಲ್ಲಿ ಹಾರ ಹಾಕಿದ ಹನುಮೇಶನ ಫೋಟೊ.

ಜುಬೇರ್ ಹಾರವನ್ನು ನೋಡುತ್ತ ನಿಂತುಬಿಟ್ಟ. ಅವನಿಗೆ ಯಾರೂ ಹೇಳಿರಲಿಲ್ಲ.

“ಎರಡು ವರ್ಷ ಆಯ್ತು,” ಎಂದಳು ಆ ಹೆಂಗಸು, ಕೇಳುವ ಮೊದಲೇ. “ಹಾರ್ಟ್ ಅಟ್ಯಾಕ್. ನಾನವರ ಮನೆಯೋಳು, ಭಾಗ್ಯ. ನಿಮಗೇನು ಜೆರಾಕ್ಸಾ?”

“ಇಲ್ಲಮ್ಮ. ನಾನು ದುರ್ಗದೋನು. ಹನುಮೇಶ್ ಪರಿಚಯ ಇತ್ತು. ಹಿಂಗೇ ನೋಡ್ಕೊಂಡು ಹೋಗಾಣ ಅಂತ…”

ಅವನು ಕೌಂಟರಿನ ಮೇಲೆ ಕೈ ಇಟ್ಟಿದ್ದ. ಭಾಗ್ಯ ಆ ಸೊಟ್ಟ ಕಿರುಬೆರಳನ್ನು ನೋಡಿದಳು, ಗೋಡೆಯ ಸರ್ಟಿಫಿಕೇಟನ್ನು ನೋಡಿದಳು, ಮತ್ತೆ ಬೆರಳನ್ನು ನೋಡಿದಳು.

“ಪೆನಾಲ್ಟಿ ಹಿಡಿದೋರು ನೀವಾ?”

ಹದಿನಾಲ್ಕು ವರ್ಷದಲ್ಲಿ ಈ ಪ್ರಶ್ನೆಯನ್ನು ಅವನಿಗೆ ಕೇಳಿದವರು ಅವಳೊಬ್ಬಳೇ. ಜುಬೇರ್ ಆ ಬೆರಳನ್ನೇ ನೋಡುತ್ತ ತಲೆಯಾಡಿಸಿದ.

“ಕುಂತ್ಕಳ್ರಿ,” ಎಂದು ಸ್ಟೂಲು ಮುಂದೆ ತಳ್ಳಿದಳು. “ಅವತ್ತು ಭಾನುವಾರ. ಇವರು ಬೆಳಗ್ಗೆ ಫೋಟೊಕ್ಕೆ ನಿಂತು, ಸೀದಾ ನಮ್ಮೂರಿಗೆ ನನ್ನನ್ನ ನೋಡಕ್ಕೆ ಬಂದಿದ್ರು. ಸಾಯಂಕಾಲದ ತನಕ ನಮ್ಮ ಪಡಸಾಲೇಲಿ ಕುಂತು ಎರಡು ತಟ್ಟೆ ಉಪ್ಪಿಟ್ಟು ತಿಂದೋರು ಇಲ್ಲಿ ಪೆನಾಲ್ಟಿ ಹೆಂಗೆ ಹಿಡೀತಾರೆ? ಸರ್ಟಿಫಿಕೇಟ್ ಮೇಲೆ ತಾರೀಕು ನೋಡಿದ್ದೇ ನಂಗೆ ಗೊತ್ತಾಯ್ತು. ಕೇಳಿದೆ. ಬೆರಳು ಮುರಿದಿದ್ದರ ತನಕ ಎಲ್ಲ ಹೇಳಿದ್ರು. ಇಬ್ರೂ ಬಿದ್ದು ಬಿದ್ದು ನಕ್ಕಿದ್ವಿ.”

“ಆಮೇಲೆ?”

“ಆಮೇಲೆ ಮಾನಸ ಹುಟ್ಟಿದ್ಲು. ಊಟ ಮಾಡ್ಸಕ್ಕೆ ದಿನಾ ಒಂದು ಕಥೆ ಬೇಕಿತ್ತು. ಇವರಿಗೆ ಬರ್ತಿದ್ದಿದ್ದು ಇದೊಂದೇ. ವರ್ಷ ಕಳೆದ ಹಾಗೆ ಚೆಂಡು ಜೋರಾಗ್ತಾ ಹೋಯ್ತು. ಅವಳು ಐದನೇ ಕ್ಲಾಸಿಗೆ ಬರೋ ಹೊತ್ತಿಗೆ ಮಳೇನೂ ಶುರುವಾಗಿತ್ತು.”

ಮಳೆ ಬಂದಿರಲಿಲ್ಲ ಎಂದು ಹೇಳಬೇಕೆನಿಸಿತು ಜುಬೇರನಿಗೆ. ಹೇಳಲಿಲ್ಲ. ಬಂದ ಕೆಲಸವನ್ನು ಹೇಳಿದ. ಶಾಲೆಯ ಹೆಸರು ಕೇಳಿ ಭಾಗ್ಯ ಲ್ಯಾಮಿನೇಷನ್ ಯಂತ್ರದ ಸ್ವಿಚ್ ಆರಿಸಿದಳು.

“ಮಾನಸ ಆ ಸ್ಕೂಲಲ್ಲೇ ಓದ್ತಿರೋದು. ಎಂಟನೇ ಕ್ಲಾಸು. ಗೋಲ್‌ಕೀಪರ್ ಆಗ್ಬೇಕು ಅಂತ ಅವರಪ್ಪ ತೀರ್ಕೊಂಡ ವರ್ಷವೇ ಗ್ಲೌಸ್ ತಗೊಂಡ್ಲು. ತರಬೇತುದಾರ ಬರ್ತಾರೆ ಅಂತ ತಿಂಗಳಿಂದ ಕಾಯ್ತವ್ಳೆ.”

ಜುಬೇರ್ ಎದ್ದ. “ಹೋಗ್ಲಿ ಬಿಡಮ್ಮ. ಬ್ಯಾಡ.”

“ಕುಂತ್ಕಳ್ರಿ ಅಂದೆ,” ಎಂದಳು ಭಾಗ್ಯ. ಬಿಳಿ ಹಾಳೆ ತೆಗೆದು ಗಂಡನ ಪೆನ್ನಿನಿಂದ ನಿಧಾನವಾಗಿ ಬರೆದಳು, ಸಹಿ ಹಾಕಿದಳು, ತಾರೀಕು ಹಾಕಿದಳು. “ನಿಮ್ಮದು ನಿಮಗೆ ಸೇರ್ಬೇಕು. ಅವಳಿಗೆ ಗೊತ್ತಾಗಲೇಬಾರ್ದು ಅಂತ ನಾನು ಹೇಳಲ್ಲ. ಆದ್ರೆ ನಿಧಾನಕ್ಕೆ ಗೊತ್ತಾಗ್ಲಿ. ಎಲ್ಲರ ಮುಂದೆ ಓದ್ಬ್ಯಾಡ್ರಿ, ಅಷ್ಟೇ.”

ಹೆಡ್‌ಮಾಸ್ಟರ ಕೋಣೆಯಲ್ಲಿ ಯಾರಿರುತ್ತಾರೆ, ಟೇಬಲ್ಲಿನ ಮೇಲಿಟ್ಟು ಬಂದರಾಯಿತು ಎಂದುಕೊಂಡು ಜುಬೇರ್ ಪತ್ರವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ನಾಗರಾಜಪ್ಪನವರು ಎಂಥ ಮನುಷ್ಯ ಎಂದು ಅವನಿಗೆ ಗೊತ್ತಿರಲಿಲ್ಲ.

ನಾಗರಾಜಪ್ಪನವರು ಸಿರಿಗೆರೆ ಕಡೆಯಿಂದ ದಿನಾ ಮೊದಲ ಬಸ್ಸಿಗೆ ಬಂದು ತಾವೇ ಗೇಟಿನ ಬೀಗ ತೆಗೆಯುವವರು. ಮುಚ್ಚಿದ ಬಾಗಿಲ ಹಿಂದೆ ಶಾಲೆಯ ಯಾವ ಕೆಲಸವೂ ನಡೆಯಬಾರದು ಎಂಬುದು ಅವರ ವ್ರತ. ಅಡುಗೆಯವರನ್ನು ನೇಮಿಸುವಾಗಲೂ ಮಕ್ಕಳನ್ನು, ತಂದೆತಾಯಿಯರನ್ನು ಬೇವಿನ ಮರದ ಕೆಳಗೆ ಕೂರಿಸಿ, ಅರ್ಜಿಗಳನ್ನು ಗಟ್ಟಿಯಾಗಿ ಓದಿಯೇ ನೇಮಿಸಿದ್ದರು. ಇದನ್ನು ಎಲ್ಲರೂ ಹೊಗಳುತ್ತಿದ್ದರು. ಹೊಗಳುವವರ ಜೇಬಿನಲ್ಲಿ ಬಚ್ಚಿಡುವ ಪತ್ರ ಇರುತ್ತಿರಲಿಲ್ಲ.

ಶನಿವಾರ ಹನ್ನೊಂದಕ್ಕೆ ಜುಬೇರ್ ಹೋದಾಗ ಮರದ ಕೆಳಗೆ ಟೇಬಲ್ಲು, ಮುಂದೆ ಚಾಪೆಯ ಮೇಲೆ ಹದಿನಾರು ಹುಡುಗಿಯರು, ಹಿಂದೆ ಕುರ್ಚಿಗಳಲ್ಲಿ ಪೋಷಕರು. ಕೊನೆಯ ಸಾಲಿನಲ್ಲಿ ಭಾಗ್ಯ ಇದ್ದಳು. ಚಾಪೆಯ ಮೊದಲ ಸಾಲಿನಲ್ಲಿ ಉದ್ದನೆಯ ಹುಡುಗಿಯೊಬ್ಬಳು ಈ ಬಿಸಿಲಿಗೂ ಗ್ಲೌಸ್ ತೊಟ್ಟು ಕೂತಿದ್ದಳು. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

ನಾಗರಾಜಪ್ಪನವರು ಸೊಹೈಲನ ಪತ್ರವನ್ನು ಗಟ್ಟಿಯಾಗಿ ಓದಿದರು. ಇಪ್ಪತ್ತೊಂದು ವರ್ಷದವನು ಹದಿನೆಂಟು ಎಂದು ಹೇಳಿಕೊಂಡು ಆಡಿದ ಭಾಗಕ್ಕೆ ಹುಡುಗಿಯರು ಕಿಸಕ್ಕನೆ ನಕ್ಕರು. ಗೊಲ್ಲಪ್ಪನ ಪತ್ರ ಓದಿ, ಹೊಡೆದು ಹಾಕಿದ ಸಾಲನ್ನೂ ಬಿಡದೆ ಓದಿ, ‘ಹೊಡೆದು ಹಾಕಿದೆ’ ಎಂದೂ ಹೇಳಿದರು. ಆಮೇಲೆ ಕೈ ಚಾಚಿದರು.

“ಮೂರನೇದು?”

ಜುಬೇರನ ಕೈ ಜೇಬಿನ ತನಕ ಹೋಯಿತು. ಪತ್ರ ಅಲ್ಲೇ ಇತ್ತು, ಬೆವರಿಗೆ ಒದ್ದೆಯಾಗಿತ್ತು. ಅದನ್ನು ತೆಗೆದು ಕೊಟ್ಟರೆ ಅರ್ಧ ನಿಮಿಷದಲ್ಲಿ ಇಷ್ಟು ಜನರ ಮುಂದೆ ಅವನು ಅವನಾಗುತ್ತಿದ್ದ. ಹನ್ನೊಂದು ವರ್ಷ ಕಾಲಿನಲ್ಲಿ, ಹದಿನಾಲ್ಕು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದದ್ದು. ಆ ಹುಡುಗಿ ಗ್ಲೌಸಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

“ಇಲ್ಲ ಸರ್,” ಎಂದ. “ಎರಡೇ.”

ಕೊನೆಯ ಸಾಲಿನಲ್ಲಿ ಭಾಗ್ಯ ತಲೆ ಎತ್ತಿದಳು.

ನಾಗರಾಜಪ್ಪನವರು ಕನ್ನಡಕ ತೆಗೆದರು. “ಎರಡಕ್ಕೆ ನಡೆಯಲ್ಲ ಅಂತ ಮೊದ್ಲೇ ಹೇಳಿದ್ದೆ ಕಣಪ್ಪ. ಮಕ್ಕಳಾ, ಏನಾದ್ರೂ ಕೇಳೋದಿದ್ರೆ ಕೇಳ್ರಿ. ಆಮೇಲೆ ಇವರನ್ನ ಕಳಿಸಿಕೊಡಾಣ.”

ಮೊದಲ ಸಾಲಿನ ಗ್ಲೌಸು ಮೇಲೆದ್ದಿತು. “ಸರ್, ನೀವು ನಮ್ಮಪ್ಪನ ಜೊತೆ ಆಡಿದ್ರಾ? ಹೊಳಲ್ಕೆರೆ ಟೀಮ್ ಗೋಲ್‌ಕೀಪರ್, ಹನುಮೇಶ್ ಅಂತ.”

ಜುಬೇರ್ ಅವಳನ್ನು ನೋಡಿದ. ಆಡಿಲ್ಲ ಎಂದರೆ ಮುಗಿದುಹೋಗುತ್ತಿತ್ತು. ಆದರೆ ಆ ಮುಖದಲ್ಲಿದ್ದ ಆಸೆ ಅವನಿಗೆ ಚೆನ್ನಾಗಿ ಪರಿಚಯವಿದ್ದದ್ದು. ಯಾರಾದರೂ ಒಬ್ಬರು, ಒಂದು ಸಲ, ಹೌದು ನಾನು ಕಂಡಿದ್ದೇನೆ ಎನ್ನಲಿ ಎಂಬ ಆಸೆ.

“ಜೊತೆ ಆಡ್ಲಿಲ್ಲಮ್ಮ,” ಎಂದ. “ಎದುರು ಆಡ್ದೆ. ಫೈನಲ್ಲಲ್ಲಿ. ದುರ್ಗದ ಕಡೆಯಿಂದ.”

ಹುಡುಗಿ ಎದ್ದೇ ನಿಂತಳು. “ಅಂಗಾದ್ರೆ ಪೆನಾಲ್ಟಿ ಹೊಡೆದೋರು…”

“ನಾನೇ.”

ಚಾಪೆಯ ಮೇಲೆ ಗುಜುಗುಜು ಎದ್ದಿತು. ಆ ಪೆನಾಲ್ಟಿಯ ಕಥೆ ಎಂಟನೇ ತರಗತಿಗೆಲ್ಲ ಬಾಯಿಪಾಠವಾಗಿತ್ತೆಂದು ಕಾಣುತ್ತದೆ. ಹದಿನಾರು ಹುಡುಗಿಯರು ಅವನನ್ನು ಹೊಸದಾಗಿ ನೋಡಿದರು, ಸೋತವನನ್ನು ನೋಡುವ ಹಾಗೆ, ಸ್ವಲ್ಪ ಅಯ್ಯೋ ಪಾಪ ಎಂದು.

“ತುಂಬಾ ಮಳೆ ಇತ್ತಂತೆ?” ಎಂದಳು ಮಾನಸ.

“ಸಿಕ್ಕಾಪಟ್ಟೆ ಮಳೆ,” ಎಂದ ಜುಬೇರ್.

ನಾಗರಾಜಪ್ಪನವರು ಕನ್ನಡಕ ಮತ್ತೆ ಹಾಕಿಕೊಂಡಿದ್ದರು. “ತಡಿ ತಡಿ. ಆ ಫೈನಲ್ ಯಾರ ಹೆಸರಲ್ಲಿ ಆಡಿದ್ದು ನೀನು?”

“ಅದೊಂದು ನನ್ನ ಹೆಸರಲ್ಲೇ ಸರ್. ಸೋತ ಸಿಟ್ಟಿಗೆ ಸರ್ಟಿಫಿಕೇಟ್ ಇಟ್ಕೊಳ್ಳಲಿಲ್ಲ.”

ಹೆಡ್‌ಮಾಸ್ಟರು ಕಮಿಟಿಯ ನಿಯಮದ ಹಾಳೆಯನ್ನು ಎತ್ತಿ ಹಿಡಿದು, ಗಟ್ಟಿಯಾಗಿ ಓದಿ, ಮತ್ತೊಂದು ಸಲ ಮನಸ್ಸಿನಲ್ಲೇ ಓದಿಕೊಂಡರು. “ಪಂದ್ಯಾವಳಿ ಸರ್ಟಿಫಿಕೇಟ್ ಇರೋರು ಬರೆದುಕೊಡ್ಬೇಕು ಅಂತ ಐತೆ. ಅದೇ ಟೀಮಿನೋರೇ ಆಗ್ಬೇಕು ಅಂತ ಇಲ್ಲ. ಎದುರಾಳಿ ಬರೆದುಕೊಟ್ರೂ ನಡೀತೈತೆ. ಭಾಗ್ಯಮ್ಮ, ಸರ್ಟಿಫಿಕೇಟ್ ನಿಮ್ಮ ಮನೇಲಿ ಐತಲ್ಲ. ನಿಮ್ಮ ಯಜಮಾನರು ಈ ವಿಷಯ ಹೇಳಿದ್ರಾ ಯಾವತ್ತಾದ್ರೂ?”

ಭಾಗ್ಯ ಮುಂದೆ ಬಂದಳು. ಸೆರಗನ್ನು ಸರಿಮಾಡಿಕೊಂಡಳು. “ದಿನಾ ಹೇಳ್ತಿದ್ರು ಸರ್,” ಎಂದಳು. ಅದು ಸುಳ್ಳಲ್ಲ.

ಟೇಬಲ್ಲಿನ ಹತ್ತಿರ ಬಗ್ಗಿ ಅವಳು ಎರಡನೇ ಪತ್ರ ಬರೆದಳು. ನಾಗರಾಜಪ್ಪನವರು ಅದನ್ನೂ ಗಟ್ಟಿಯಾಗಿ ಓದಿದರು: “ದಿವಂಗತ ನನ್ನ ಗಂಡ ಹನುಮೇಶ್‌ರವರು ಫೈನಲ್ ಪಂದ್ಯದಲ್ಲಿ ಈ ಜುಬೇರ್‌ರವರು ಹೊಡೆದ ಪೆನಾಲ್ಟಿಯನ್ನು ಹಿಡಿದರು. ಹೊಡೆತ ಬಹಳ ಜೋರಾಗಿತ್ತೆಂದು ಅವರು ಕಡೆಯವರೆಗೂ ಹೇಳುತ್ತಿದ್ದರು. ಜುಬೇರ್‌ರವರು ಒಳ್ಳೆಯ ಆಟಗಾರರು.”

ಹುಡುಗಿಯರು ಚಪ್ಪಾಳೆ ತಟ್ಟಿದರು. ಜುಬೇರ್ ನೆಲ ನೋಡುತ್ತ ನಿಂತ. ಬಂದ ಕೆಲಸ ಆಯಿತು. ಬೆರಳಿನ ಮೇಲೆ ಚೆಂಡು ಬಡಿದ ಆ ಒಂದು ಕ್ಷಣ ಅವನ ಬಳಿ ಇದ್ದ ಆಸ್ತಿ, ಈಗ ಅದೂ ಹೋಯಿತು, ಅದನ್ನು ಅವನೇ ಕೈಯಾರೆ ಕೊಟ್ಟಿದ್ದ. ಭಾಗ್ಯ ಪಕ್ಕದಲ್ಲಿ ಹಾದುಹೋಗುವಾಗ ಅವಳ ಕಣ್ಣು ತುಂಬಿತ್ತು.

ನೇಮಕದ ಆದೇಶದಲ್ಲಿ ‘ಶ್ರೀ ಜುಬೇರ್, ಮಾಜಿ ಆಟಗಾರ, ಚಿತ್ರದುರ್ಗ ತಾಲ್ಲೂಕು ತಂಡ’ ಎಂದಿತ್ತು. ಹನ್ನೊಂದು ವರ್ಷದಲ್ಲಿ ಅವನು ತನ್ನ ಹೆಸರಿನಲ್ಲಿ ಆಡಿದ ಏಕೈಕ ಪಂದ್ಯ, ಅವನು ಆ ಕಡೆಯಿಂದ ಆಡದೇ ಇದ್ದದ್ದು. ಮಹೇಕ್ ಆದೇಶವನ್ನು ಓದಿ, ತಾಹೇರಾಳಿಗೂ ಓದಿ ಹೇಳಿ, ಆ ತಂಡಕ್ಕೆ ಆಡಿದಾಗ ಏನು ಮಾಡಿದೆ ಎಂದು ಕೇಳಿದಳು.

“ಪೆನಾಲ್ಟಿ ಕೈಬಿಟ್ಟೆ,” ಎಂದ.

“ಒಂದೇ ಒಂದು ಸಲ ಹೆಸರು ಬಂತು, ಅದೂ ಇದಕ್ಕಾ ಅಬ್ಬಾ?” ಎಂದಳು. ಆದರೂ ಆದೇಶದ ಫೋಟೊ ತೆಗೆದು ಗೆಳತಿಯರಿಗೆಲ್ಲ ಕಳಿಸಿದಳು.

ಭಾಗ್ಯಳ ಮೊದಲ ಪತ್ರವನ್ನು ಹರಿಯಲು ಅವನಿಗೆ ಮನಸ್ಸಾಗಲಿಲ್ಲ, ಮನೆಯಲ್ಲಿಡಲು ಧೈರ್ಯವಾಗಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ತನ್ನ ಸ್ಕೂಟರಿನ ಸೀಟಿನ ಫೋಮಿನ ಕೆಳಗಿಟ್ಟು, ಹೊಸ ರೆಕ್ಸಿನ್ ಹಾಕಿ ಹೊಲಿದ. ವಾರಕ್ಕೆ ಮೂರು ದಿನ ಅದರ ಮೇಲೆ ಕೂತು ಹೊಳಲ್ಕೆರೆಗೆ ಹೋಗಿಬರುತ್ತಾನೆ.

ಮೊದಲ ದಿನದ ಅಭ್ಯಾಸದಲ್ಲಿ ಮಾನಸ ಗೋಲಿನ ಮುಂದೆ ನಿಂತಳು. ಜುಬೇರ್ ಪೆನಾಲ್ಟಿಗೆ ಚೆಂಡಿಟ್ಟು ಹಿಂದೆ ಸರಿದ. ಹುಡುಗಿ ಎಡಗಾಲನ್ನು ಅರ್ಧ ಹೆಜ್ಜೆ ಎಡಕ್ಕೆ ಇಟ್ಟು, ಅದೇ ಎಡಕ್ಕೆ ಹಾರಿದಳು. ಚೆಂಡು ಬಲಗಡೆಯಿಂದ ಒಳಗೆ ಹೋಯಿತು. ಹತ್ತು ಸಲ ಹೊಡೆದ, ಹತ್ತು ಸಲವೂ ಹಾಗೇ.

“ಹಂಗಲ್ಲಮ್ಮ. ಬಲಗಾಲು. ಬಲಗಾಲು ಬಲಕ್ಕೆ ಇಡ್ಬೇಕು. ಹೊಡೆಯೋನು ಅದನ್ನ ನೋಡ್ತಾನೆ. ಆಮೇಲೆ ಎಡಕ್ಕೆ ಹಾರ್ಬೇಕು.”

“ಅಪ್ಪ ಎಡಗಾಲು ಅಂತಾನೇ ಹೇಳ್ತಿದ್ದಿದ್ದು.”

“ನಿಮ್ಮಪ್ಪ ಇಟ್ಟಿದ್ದು ಬಲಗಾಲು.”

ಮಾನಸ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳಿಗೆ ಸ್ವಲ್ಪ ಕೋಪವೇ ಬಂದಿತ್ತು. “ಅಪ್ಪನಿಗಿಂತ ನಿಮಗೆ ಚೆನ್ನಾಗಿ ಹೆಂಗೆ ಗೊತ್ತು ಸರ್?”

ಜುಬೇರ್ ಚೆಂಡನ್ನು ಮತ್ತೆ ಜಾಗದಲ್ಲಿಟ್ಟ. ಸೊಟ್ಟ ಬೆರಳಿನಿಂದ ಅದರ ಮೇಲಿನ ಮಣ್ಣು ಒರೆಸಿದ.

“ಹಿಡಿದೋರಿಗೆ ಮರೀತೈತಮ್ಮ,” ಎಂದ. “ಕಳ್ಕೊಂಡೋರಿಗೆ ಹಂಗೇ ನೆನಪಿರ್ತೈತೆ. ನಿಂತ್ಕೋ ಸರಿಯಾಗಿ.”

ಮಾನಸ ಬಲಗಾಲನ್ನು ಬಲಕ್ಕೆ ಇಟ್ಟಳು.